ದೇವೇಂದ್ರಪ್ಪನವರಿಗೆ ಒಂದು ಸನ್ಮಾನ

ನಮ್ಮ ಊರಿನಲ್ಲಿ ಬಿಕ್ಕಳಿಕೆ ಬಂದರೆ ಯಾರೂ ಮೊದಲು ನೀರಿನ ಲೋಟ ಹುಡುಕುವುದಿಲ್ಲ, ಹೆಸರು ಹುಡುಕುತ್ತಾರೆ. ಮೇಲಿನ ಕೇರಿಯ ತವರಿನಲ್ಲಿ ಅಮ್ಮ ಮಾತಿನ ನಡುವೆ ನನ್ನ ಹೆಸರು ಎತ್ತಿದರೆ ಇಲ್ಲಿ ಹೊಲಿಗೆ ಮಿಷಿನ್ನಿನ ಮುಂದೆ ಕೂತ ನನಗೆ ಬಿಕ್ಕಳಿಕೆ ಶುರುವಾಗುತ್ತದೆ. 'ಅಮ್ಮ' ಅಂದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಅಕ್ಕ, ನಾದಿನಿ, ಪಕ್ಕದ ಮನೆಯವರು, ಹೀಗೆ ಒಬ್ಬೊಬ್ಬರನ್ನೇ ಹೇಳುತ್ತಾ ಹೋಗಬೇಕು. ನಲ್ಲಿಯ ಹತ್ತಿರ ನಾಲ್ಕು ಹೆಂಗಸರು ಸೇರಿ ಒಬ್ಬಳ ಬಗ್ಗೆ ಮಾತಾಡಿದರೆ, ಆ ನಾಲ್ವರ ಹೆಸರನ್ನೂ ಹೇಳುವವರೆಗೆ ಅವಳಿಗೆ ಬಿಡುಗಡೆಯಿಲ್ಲ. ಹೆಸರು ಹೇಳದೆ ಸುತ್ತಿ ಬಳಸಿ ಆಡಿದರೂ ಅಷ್ಟೇ, ಚೀಟಿಯಲ್ಲಿ ಬರೆದರೂ ಅಷ್ಟೇ, ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ಆಡಿದರೂ ಅಷ್ಟೇ. ನನ್ನ ಅತ್ತೆ ಗೌರಮ್ಮನವರಿಗೆ ಯಾವ ಬಿಕ್ಕಳಿಕೆ ಬಂದರೂ ಮೊದಲು 'ಮಂಗಳ' ಎಂದು ನನ್ನ ಹೆಸರನ್ನೇ ಹೇಳುತ್ತಾರೆ. ಹೆಚ್ಚಿನ ಸಲ ನಿಲ್ಲುವುದಿಲ್ಲ. ನಿಂತ ದಿನ ರಾತ್ರಿ ಊಟಕ್ಕೆ ಕೂತಾಗ ನಾವಿಬ್ಬರೂ ಮಾತಾಡುವುದಿಲ್ಲ. ಸತ್ತವರಿಗೆ ಬಿಕ್ಕಳಿಕೆಯಿಲ್ಲ. ಹಾಗಾಗಿ ತೀರಿಕೊಂಡ ನನ್ನ ಗಂಡನ ಬಗ್ಗೆ ಮಾತ್ರ ಅತ್ತೆ ಸೊಸೆ ಇಬ್ಬರೂ ಮನಸಾರೆ ಮಾತಾಡಿಕೊಳ್ಳುತ್ತೇವೆ, ಬೈಯುವುದೂ ಸೇರಿದಂತೆ.

ಇಂಥ ಊರಿನಲ್ಲಿ ಪೊಲೀಸ್ ಠಾಣೆಗೆ ಹೋಗಿ ಒಬ್ಬರ ಮೇಲೆ ದೂರು ಹೇಳುವುದು ಹೇಗೆ? ಎಣ್ಣೆ ಮಿಲ್ಲಿನ ದೇವೇಂದ್ರಪ್ಪನವರಿಗೆ ತಿಪ್ಪೇಶಿ ಎಂಬ ಒಬ್ಬ ಆಳು ಇದ್ದ. ಯಜಮಾನರಿಗೆ ಬಿಕ್ಕಳಿಕೆ ಬಂದ ತಕ್ಷಣ ಅವರ ಪಕ್ಕ ನಿಂತು ಬೀದಿ ಬೀದಿ ಹಿಡಿದು ಊರಿನವರ ಹೆಸರು ಹೇಳಿಕೊಡುವುದೇ ಅವನ ಕೆಲಸ. ಅವನು ಒಂದು ಹೇಳುತ್ತಾನೆ, ಯಜಮಾನರು ಅದನ್ನು ಮತ್ತೆ ಹೇಳುತ್ತಾರೆ. ಒಂದು ಸಲ ಸೈಕಲ್ ಶಾಪಿನ ಲೋಕೇಶಿ, ಮಿಲ್ಲಿನವರು ಸ್ಮಶಾನದ ಜಾಗಕ್ಕೆ ಬೇಲಿ ಹಾಕಿಕೊಂಡಿದ್ದಾರೆಂದು ಠಾಣೆಯಲ್ಲಿ ಹೇಳಿ ಬಂದ. ಅವನು ಠಾಣೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಹೆಸರಿಗೆ ಬಿಕ್ಕಳಿಕೆ ನಿಂತಿತ್ತು. ಆ ವಾರವೇ ಅವನ ಅಂಗಡಿ ಸುಟ್ಟುಹೋಯಿತು. ಹಚ್ಚಿದವರು ಯಾರೆಂದು ಎದುರಿನ ಹೋಟೆಲಿನವರಿಗೂ ಗೊತ್ತಿತ್ತು, ಹೂವಿನವಳಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಲೋಕೇಶಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ನಾನು ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತೇನೆ. ನಮ್ಮ ಮನೆಯ ಮಹಡಿಯ ಕೋಣೆಯೇ ಅಂಗಡಿ. ಅದಕ್ಕೆ ಮುಂದೆ ಒಂದು ಕಿಟಕಿ, ಹಿಂದೆ ಒಂದು. ಹಿಂದಿನ ಕಿಟಕಿ ತೆರೆದರೆ ದೇವೇಂದ್ರಪ್ಪನವರ ಮಿಲ್ಲಿನ ಹಿತ್ತಲು ಕಾಣುತ್ತದೆ. ಎತ್ತರದ ಗೋಡೆ ಇರುವುದರಿಂದ ಬೇರೆ ಯಾವ ಮನೆಗೂ ಅದು ಕಾಣುವುದಿಲ್ಲ.

ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದ ಮರಿಸ್ವಾಮಿಯವರು ಒಂದು ಸಂಜೆ ಮಿಲ್ ರಸ್ತೆಯಲ್ಲಿ ವಾಕಿಂಗ್ ಹೋಗಿದ್ದಾಗ ಯಾವುದೋ ಗಾಡಿ ಗುದ್ದಿ ಹೋಯಿತು. ಹಿಂದೆಯೇ ಟೆಂಪೊ ಓಡಿಸಿಕೊಂಡು ಬಂದ ಇಮಾಮ್‌ಸಾಬರು ಅವರನ್ನು ಎತ್ತಿ ಟೆಂಪೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು. ದಾರಿಯಲ್ಲೇ ಮರಿಸ್ವಾಮಿಯವರ ಪ್ರಾಣ ಹೋಯಿತು. ಟೆಂಪೊದಲ್ಲಿ ರಕ್ತವಿತ್ತು, ಇಮಾಮ್‌ಸಾಬರ ಅಂಗಿಯ ಮೇಲೂ ರಕ್ತವಿತ್ತು, ಬೇರೆ ಗಾಡಿ ನೋಡಿದ್ದೇನೆ ಎನ್ನುವವರು ಒಬ್ಬರೂ ಇರಲಿಲ್ಲ. ಪೊಲೀಸರು ಅವರನ್ನೇ ಒಳಗೆ ಹಾಕಿದರು.

ಮರುದಿನ ಮಧ್ಯಾಹ್ನ ಹಿತ್ತಲಿನ ಕಡೆಯಿಂದ ತಗಡು ಬಡಿಯುವ ಸದ್ದು ಕೇಳಿ ನಾನು ಹಿಂದಿನ ಕಿಟಕಿಯ ಬಾಗಿಲು ಸ್ವಲ್ಪ ಸರಿಸಿದೆ. ಕೆಳಗೆ ಶೆಡ್ಡಿನ ಮುಂದೆ ದೇವೇಂದ್ರಪ್ಪನವರ ಮಗ ಕಿರಣನ ಜೀಪು ನಿಂತಿತ್ತು. ಒಂದು ದೀಪ ಒಡೆದಿತ್ತು, ಮುಂದಿನ ತಗಡು ಒಳಕ್ಕೆ ಹೋಗಿತ್ತು. ಪರವೂರಿನ ಇಬ್ಬರು ಸುತ್ತಿಗೆಯಲ್ಲಿ ಬಡಿದು ಅದನ್ನು ನೆಟ್ಟಗೆ ಮಾಡುತ್ತಿದ್ದರು. ಬಂಪರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಟ್ಟೆಯ ಚೂರನ್ನು ಕಿರಣ ಕಿತ್ತು ಜೇಬಿಗೆ ಹಾಕಿಕೊಂಡ. ಖಾಕಿ ಬಣ್ಣದ ಬಟ್ಟೆ. ನಿವೃತ್ತರಾದ ಮೇಲೂ ಮರಿಸ್ವಾಮಿಯವರು ಇಲಾಖೆಯ ಹಳೇ ಪ್ಯಾಂಟನ್ನೇ ಹಾಕಿಕೊಂಡು ತಿರುಗಾಡುತ್ತಿದ್ದರು.

ಕೆಳಗೆ ಇಳಿದು ಅತ್ತೆಗೆ ಹೇಳೋಣವೆಂದರೆ ಹೇಳುವ ಹಾಗಿಲ್ಲ. ಅಡುಗೆಮನೆಯಲ್ಲಿ ನಾನು ಪಿಸುಗುಟ್ಟಿದರೂ ಮಿಲ್ಲಿನ ಜಗಲಿಯಲ್ಲಿ ಕೂತವರಿಗೆ ಬಿಕ್ಕಳಿಕೆ ಬರುತ್ತದೆ, ತಿಪ್ಪೇಶಿ ಹೆಸರು ಹೇಳುತ್ತಾ ಹೇಳುತ್ತಾ ನಮ್ಮ ಬೀದಿಯ ಸರದಿಗೆ ಬಂದು ನನ್ನದನ್ನೂ ಹೇಳುತ್ತಾನೆ. ಬೆರಳು ತೋರಿಸಿದರೆ ಮಾತ್ರ ಯಾರಿಗೂ ಏನೂ ಆಗುವುದಿಲ್ಲ. ಅತ್ತೆಯ ಕೈ ಹಿಡಿದು ಮೇಲೆ ಕರೆದುಕೊಂಡು ಬಂದು ಕಿಟಕಿಯ ಸಂದಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಸದ್ದಾಗದ ಹಾಗೆ ಕಿಟಕಿ ಮುಚ್ಚಿ ಚಿಲಕ ಹಾಕಿದರು.

"ಅನ್ನಕ್ಕೆ ಇಟ್ಟಿದ್ದೀನಿ," ಎಂದಷ್ಟೇ ಹೇಳಿ ಕೆಳಗೆ ಹೋದರು.

ಇಮಾಮ್‌ಸಾಬರ ಹೆಂಡತಿ ಹಸೀನಾ ನನಗೆ ಮೊದಲಿನಿಂದ ಗೆಳತಿ. ಅವಳು ಮನೆಮನೆಗೆ ಹೋಗಿ ಬಳೆ ತೊಡಿಸುತ್ತಾಳೆ, ಹೋದಲ್ಲಿಂದ ನನಗೆ ಸೀರೆ ತಂದುಕೊಡುತ್ತಾಳೆ. ಗಂಡ ಒಳಗೆ ಹೋದ ಮೇಲೆ ಅವಳ ಹತ್ತಿರ ಯಾರೂ ಬಳೆ ತೊಡಿಸಿಕೊಳ್ಳಲಿಲ್ಲ, ಆದರೆ ಎಲ್ಲರೂ ಅವಳ ಬಗ್ಗೆ ಮಾತಾಡಿದರು. ಬೆಳಗಿನಿಂದ ಸಂಜೆಯವರೆಗೂ ಬಿಕ್ಕಳಿಸುತ್ತಾ ನನ್ನ ಅಂಗಡಿಯ ಚಾಪೆಯ ಮೇಲೆ ಬಂದು ಕೂತಿರುತ್ತಿದ್ದಳು.

"ಹೆಸರು ಹೇಳಿ ನೋಡೇ," ಎಂದೆ ನಾನು.

"ಯಾರ ಹೆಸರು ಅಂತ ಹೇಳ್ಲಿ ಅಕ್ಕ? ಊರೆಲ್ಲ ಆಡ್ಕೊಳ್ತಿದೆ." ನೀರು ಕುಡಿದು, ಮತ್ತೆ ಬಿಕ್ಕಳಿಸಿ ಹೇಳಿದಳು, "ಅವ್ರು ಗಾಡಿ ತಗೊಂಡು ದೂರ ಹೋದಾಗ ರಾತ್ರಿ ಊಟ ಆದ್ಮೇಲೆ ಕ್ಲೀನರ್ ಹತ್ರ ಒಂದ್ಸಲ ನನ್ನ ಮಾತು ತೆಗೀತಿದ್ರು. ನಂಗಿಲ್ಲಿ ಬಿಕ್ಕಳಿಕೆ ಬರೋದು. ಓ, ಊಟ ಮಾಡಿದ್ರು ಅಂತ ನಾನೂ ಉಣ್ತಿದ್ದೆ. ಈಗ ಒಳಗಿಂದ ನನ್ನ ಹೆಸರು ಹೇಳ್ತಾರೋ ಇಲ್ವೋ ಗೊತ್ತೇ ಆಗಲ್ಲ, ಈ ಗದ್ದಲದಲ್ಲಿ."

ನನ್ನ ಬೆನ್ನ ಹಿಂದೆ ಚಿಲಕ ಹಾಕಿದ ಕಿಟಕಿ ಇತ್ತು. ನಾನು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸಲು ನೋಡಿದೆ. ದಾರ ಹೋಗಲಿಲ್ಲ.

ಠಾಣೆಗೆ ಆಗಷ್ಟೇ ಹೊಸ ಸಬ್ ಇನ್ಸ್‌ಪೆಕ್ಟರ್ ಬಂದಿದ್ದರು, ಜಯಶೀಲಾ ಎಂಬವರು. ಹೆಂಗಸು, ಬುಲೆಟ್ ಓಡಿಸುತ್ತಾರೆ ಎಂದು ಊರಿನಲ್ಲಿ ಎಲ್ಲರ ಬಾಯಲ್ಲೂ ಅವರದೇ ಮಾತು. ಇಮಾಮ್‌ಸಾಬರನ್ನು ಹಿಡಿದದ್ದು ಅವರು ಬರುವುದಕ್ಕೆ ಮುಂಚೆ. ರಸ್ತೆಯಲ್ಲಿ ಬಿದ್ದಿದ್ದ ಗಾಜಿನ ಚೂರುಗಳನ್ನು ನೋಡಿ, ಟೆಂಪೊದ ದೀಪಗಳು ಎರಡೂ ಸರಿಯಿರುವುದನ್ನೂ ನೋಡಿ, ಅವರು ಒಂದೊಂದೇ ಮನೆಗೆ ವಿಚಾರಿಸಲು ಬಂದರು. ನಮ್ಮ ಬೀದಿಯಲ್ಲಿ ಎಲ್ಲರೂ ಗೊತ್ತಿಲ್ಲ ಎಂದರು. ನಮ್ಮ ಮನೆಗೂ ಬಂದರು, ಬಾಗಿಲಲ್ಲೇ ನಿಂತು ಕೇಳಿದರು.

"ಆ ಸಂಜೆ, ಅಥವಾ ಆಮೇಲೆ, ಏನಾದ್ರೂ ನೋಡಿದ್ರಾ ಅಮ್ಮ?"

"ಇಲ್ಲ ಮೇಡಂ," ಎಂದೆ ನಾನು.

ಅಷ್ಟರಲ್ಲಿ ಅವರಿಗೆ ಬಿಕ್ಕಳಿಕೆ ಬಂತು. ಅತ್ತೆ ನೀರು ತಂದುಕೊಟ್ಟು, ಅಭ್ಯಾಸಬಲದಿಂದ, "ಯಾರದ್ದಾದ್ರೂ ಹೆಸರು ಹೇಳಿ ಮೇಡಂ, ನಿಲ್ಲುತ್ತೆ," ಎಂದರು.

"ಬಂದ ದಿನದಿಂದ ಹೇಳ್ತಾನೇ ಇದ್ದೀನಿ ಅಜ್ಜಿ. ಕಾನ್‌ಸ್ಟೇಬಲ್‌ಗಳ ಹೆಸರೆಲ್ಲ ಆಯ್ತು. ನಿಲ್ಲಲ್ಲ. ಊರಿಗೂರೇ ನನ್ನ ಬಗ್ಗೆ ಮಾತಾಡ್ತಿದ್ರೆ ಯಾರು ಅಂತ ಹುಡುಕ್ಲಿ?" ಎಂದು ನಕ್ಕರು. ಲೋಟ ಕೈಯಲ್ಲೇ ಇತ್ತು. ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಯಾರು ಅಂತ ಗೊತ್ತಾಗೋದೇ ಇಲ್ಲ, ಅಲ್ವಾ?" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ನೀರು ಕುಡಿದು ಹೊರಟುಹೋದರು.

ಆ ವಾರದ ಕೊನೆಗೆ ಮೈಕು ಕಟ್ಟಿದ ಆಟೊ ಬೀದಿಗೆ ಬಂತು. ಠಾಣೆಗೆ ಕುರ್ಚಿಗಳನ್ನೂ ನೀರಿನ ಫಿಲ್ಟರನ್ನೂ ದಾನ ಮಾಡಿದ ಶ್ರೀಯುತ ದೇವೇಂದ್ರಪ್ಪನವರಿಗೆ ಭಾನುವಾರ ಠಾಣೆಯ ಆವರಣದಲ್ಲಿ ಸಾರ್ವಜನಿಕ ಸನ್ಮಾನವಂತೆ. ಊರಿನ ಪ್ರತಿಯೊಬ್ಬರೂ ಬಂದು, ಒಬ್ಬೊಬ್ಬರಾಗಿ ಒಳಗೆ ಹೋಗಿ, ಅವರ ಬಗ್ಗೆ, ಅವರ ಮನೆಯವರ ಬಗ್ಗೆ ತಮ್ಮ ಮನಸ್ಸಿನಲ್ಲಿರುವ ಎರಡು ಮಾತು ಹೇಳಬೇಕಂತೆ. ಅವೆಲ್ಲವನ್ನೂ ಸೇರಿಸಿ ಮಾನಪತ್ರ ಬರೆಸುತ್ತಾರಂತೆ. ಬಂದವರಿಗೆ ಲಾಡು, ಪಲಾವು.

ದೇವೇಂದ್ರಪ್ಪನವರ ಖುಷಿಗೆ ಪಾರವಿರಲಿಲ್ಲ ಎಂದು ಆಮೇಲೆ ಕೇಳಿದೆ. ತಮ್ಮ ಬಗ್ಗೆ ಕೆಟ್ಟದ್ದು ಆಡುವ ಧೈರ್ಯ ಊರಿನಲ್ಲಿ ಯಾರಿಗೂ ಉಳಿದಿಲ್ಲವೆಂದು ಅವರಿಗೆ ಖಾತ್ರಿಯಿತ್ತು.

ಆಟೊ ನಮ್ಮ ಮನೆಯ ಮುಂದೆ ಹೋಗುವಾಗ ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು. ಮೈಕಿನ ಸದ್ದು ದೂರವಾಗುವವರೆಗೆ ಕೇಳಿಸಿಕೊಂಡು, ಒಮ್ಮೆ ತಲೆಯೆತ್ತಿ ಮಹಡಿಯ ಕಡೆ ನೋಡಿದರು.

"ಆ ನೀಲಿ ಸೀರೆ ತೆಗೆದಿಟ್ಕೋ ಮಂಗಳ," ಎಂದರು. "ಭಾನುವಾರ ಇಬ್ಬರೂ ಹೋಗೋಣ."

"ಹೋಗ್ಲೇಬೇಕಾ ಅತ್ತೆ?"

"ಊರೇ ಹೋಗ್ತಿರೋವಾಗ ನಾವು ಹೋಗ್ದಿದ್ರೆ ಚೆನ್ನಾಗಿರಲ್ಲ." ಮತ್ತೆ ಹುರುಳಿಕಾಯಿ ಎತ್ತಿಕೊಂಡರು.

ಭಾನುವಾರ ಠಾಣೆಯ ಮುಂದೆ ಶಾಮಿಯಾನ ಹಾಕಿದ್ದರು. ದೇವೇಂದ್ರಪ್ಪನವರು ಮೈಸೂರು ಪೇಟ ಧರಿಸಿ, ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ತಿಪ್ಪೇಶಿ ನೀರಿನ ಚೊಂಬು ಹಿಡಿದು ನಿಂತಿದ್ದ. ಜನ ಬೀದಿವಾರು ಸಾಲು ನಿಂತಿದ್ದರು. ಸಾಲು ಠಾಣೆಯ ಮುಂಬಾಗಿಲಿನಿಂದ ಒಳಗೆ ಹೋಗಿ, ಪರದೆ ಕಟ್ಟಿದ ಒಂದು ಕೋಣೆ ಹೊಕ್ಕು, ಹಿಂಬಾಗಿಲಿನಿಂದ ಪಲಾವಿನ ಪಾತ್ರೆಯ ಹತ್ತಿರ ಹೊರಗೆ ಬರುತ್ತಿತ್ತು. ಮೈಕಿನಲ್ಲಿ ಜೋರಾಗಿ ಹಾಡು ಹಾಕಿದ್ದರಿಂದ ಒಳಗೆ ಆಡಿದ ಮಾತು ಹೊರಗಿನ ಯಾರಿಗೂ ಕೇಳುವಂತಿರಲಿಲ್ಲ. ಮೊದಲನೆಯವರು ಒಳಗೆ ಹೋದ ಕೂಡಲೇ ದೇವೇಂದ್ರಪ್ಪನವರಿಗೆ ಬಿಕ್ಕಳಿಕೆ ಶುರುವಾಯಿತು. ಅವರು ಹೆಮ್ಮೆಯಿಂದ ಸುತ್ತ ನೋಡಿ ನಕ್ಕರು. ಸಾಲಿನಲ್ಲಿ ನಿಂತವರೂ ಸುಮ್ಮನಿರಲಿಲ್ಲ. ಸನ್ಮಾನವೆಂದ ಮೇಲೆ ಸನ್ಮಾನ ಮಾಡಿಸಿಕೊಳ್ಳುವವರ ಮಾತು ಆಡದೆ ಇನ್ನೇನು ಆಡುತ್ತಾರೆ? ಬರಬರುತ್ತಾ ಎರಡು ಬಿಕ್ಕಳಿಕೆಗಳ ನಡುವೆ ಉಸಿರಾಡುವುದಕ್ಕೂ ಅವರಿಗೆ ಪುರಸೊತ್ತು ಸಿಗಲಿಲ್ಲ. ಪೇಟ ಅಲುಗಾಡುತ್ತಿತ್ತು, ಹಾರದಿಂದ ಹೂವಿನ ಎಸಳು ಉದುರುತ್ತಿತ್ತು. ಹಸೀನಾ ಸಾಲಿನಲ್ಲಿ ನನಗಿಂತ ಬಹಳ ಮುಂದೆ, ಒಬ್ಬಳೇ ನಿಂತಿದ್ದಳು. ಅವಳ ಹಿಂದೆ ಮುಂದೆ ಜನ ಒಂದಷ್ಟು ಜಾಗ ಬಿಟ್ಟಿದ್ದರು.

ನನ್ನ ಸರದಿ ಬಂತು. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಜಯಶೀಲಾ ಕೂತಿದ್ದರು. ಮೇಜಿನ ಮೇಲೆ ಕಾಗದವಿಲ್ಲ, ಪೆನ್ನಿಲ್ಲ. ನಾನು ಕೂತು, "ಮೇಡಂ, ನಾನು ಸರ್ವಮಂಗಳ, ನಮ್ಮ ಮನೆ…" ಎನ್ನುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

"ಹೆಸರು ಬೇಡ. ಮನೆ ಎಲ್ಲಿ ಅನ್ನೋದೂ ಬೇಡ. ಹೇಳೋದೇನಾದ್ರೂ ಇದ್ರೆ ಅದನ್ನಷ್ಟೇ ಹೇಳಿ. ಇಲ್ದಿದ್ರೆ ಸುಮ್ನೆ ಕೂತಿದ್ದು ಹೋಗಿ, ತಪ್ಪೇನಿಲ್ಲ."

ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ಕಿರಣನ ಜೀಪು. ಒಡೆದ ದೀಪ. ಸುತ್ತಿಗೆ. ಖಾಕಿ ಬಟ್ಟೆ. ಹೇಳುತ್ತಾ ಹೇಳುತ್ತಾ, "ನಮ್ಮ ಮಹಡಿ ಕಿಟಕಿಯಿಂದ…" ಎಂದು ಬಾಯಿಗೆ ಬಂತು.

"ಎಲ್ಲಿಂದ ನೋಡಿದ್ರಿ ಅಂತ ಹೇಳ್ಬೇಡಿ," ಎಂದು ಅವರು ಮತ್ತೆ ತಡೆದರು. "ನಂಗೆ ಗೊತ್ತಿಲ್ದೇ ಇರೋದನ್ನ ಯಾರೂ ನನ್ನ ಬಾಯಿಂದ ತೆಗೆಯೋಕಾಗಲ್ಲ. ಜೀಪು ಈಗ್ಲೂ ಅಲ್ಲೇ ಇದೆಯಾ?"

"ನಿನ್ನೆ ಸಂಜೆ ಇಣುಕಿ ನೋಡಿದೆ, ಶೆಡ್ಡಿನ ಒಳಗೆ ತಳ್ಳಿದ್ರು. ಆಮೇಲೆ ಹೊರಗೆ ತೆಗೆದಿಲ್ಲ."

"ಸರಿ. ಈ ಹಾಡು ಮುಗಿಯೋವರೆಗೂ ಇಲ್ಲೇ ಕೂತಿರಿ. ಎಲ್ಲರನ್ನೂ ಒಂದು ಹಾಡಿನಷ್ಟು ಹೊತ್ತು ಕೂರಿಸ್ತಿದ್ದೀನಿ. ಬೇಗ ಎದ್ದು ಹೋದವರು, ತಡ ಮಾಡಿದವರು ಅಂತ ಯಾರೂ ಲೆಕ್ಕ ಹಾಕ್ಬಾರದು."

ಹಾಡು ಇನ್ನೂ ಅರ್ಧ ಇತ್ತು. ನನ್ನ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಿತ್ತು. ಏನು ಮಾಡುವುದೆಂದು ತೋಚದೆ ಅವರು ನನ್ನ ಸೀರೆಯ ಅಂಚು ನೋಡಿ, "ಪಿಕೋ ಚೆನ್ನಾಗಿದೆ," ಎಂದರು. ನಾನು ನಕ್ಕುಬಿಟ್ಟೆ. ಎಷ್ಟೋ ದಿನಗಳ ಮೇಲೆ ನಕ್ಕದ್ದು ಅದೇ ಮೊದಲು.

ಹೊರಗೆ ಬಂದು ಎಲೆ ಹಿಡಿದು ನಿಂತೆ. ನನ್ನ ಹಿಂದೆ ಅತ್ತೆ ಒಳಗೆ ಹೋದರು, ಒಂದು ಹಾಡಿನ ನಂತರ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಏನು ಹೇಳಿದರೆಂದು ನಾನು ಕೇಳಲಿಲ್ಲ. ಇಬ್ಬರೂ ಎರಡು ಸಲ ಪಲಾವು ಹಾಕಿಸಿಕೊಂಡೆವು. ಸಾಲು ಮುಗಿಯುವ ಹೊತ್ತಿಗೆ ವೇದಿಕೆಯ ಮೇಲಿದ್ದವರು, ಚೊಂಬು ಹಿಡಿದವರು, ಪಲಾವು ಬಡಿಸುತ್ತಿದ್ದವರು, ಎಲ್ಲರೂ ಒಳಗೆ ಹೋಗಿ ಬಂದಿದ್ದರು. ಜಯಶೀಲಾ ಯಾರನ್ನೂ ಬಿಡಲಿಲ್ಲ. ಕೊನೆಗೆ ಅವರೇ ಮಾನಪತ್ರ ಓದಿದರು. ಧರ್ಮಾತ್ಮರು, ಕೊಡುಗೈ ದಾನಿಗಳು, ಊರೆಲ್ಲ ಇವರನ್ನು ಅನುದಿನ ನೆನೆಯುತ್ತದೆ ಎಂದು ಅದರಲ್ಲಿತ್ತು. ದೇವೇಂದ್ರಪ್ಪನವರು ಧನ್ಯವಾದ ಹೇಳಲು ಎದ್ದು ನಿಂತರು. ಬಿಕ್ಕಳಿಕೆಗೆ ಒಂದು ಪದವೂ ಪೂರ್ತಿ ಹೊರಡಲಿಲ್ಲ. ಕೈಮುಗಿದು ಕೂತುಕೊಂಡರು.

ಅದೇ ಸಂಜೆ ಪೊಲೀಸರು ಮಿಲ್ ರಸ್ತೆಯ ಶೆಡ್ಡುಗಳನ್ನೆಲ್ಲ ಆ ತುದಿಯಿಂದ ಒಂದೊಂದಾಗಿ ತೆಗೆಸಿ ನೋಡಿಕೊಂಡು ಬಂದರು. ಅಕ್ಕಿ ಗಿರಣಿಯದೂ ತೆಗೆಸಿದರು, ಹತ್ತಿಯ ಗೋದಾಮಿನದೂ ತೆಗೆಸಿದರು. ದೇವೇಂದ್ರಪ್ಪನವರ ಶೆಡ್ಡಿನಲ್ಲಿ ಜೀಪು ಸಿಕ್ಕಿತು. ಹೊಸ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತಂತೆ. ರಸ್ತೆಯಲ್ಲಿ ಬಿದ್ದಿದ್ದ ಗಾಜಿನ ಚೂರು, ದೀಪದ ಚೌಕಟ್ಟಿನ ಸಂದಿಯಲ್ಲಿ ಉಳಿದಿದ್ದ ಹಳೇ ಗಾಜಿನ ಚೂರು ಎರಡೂ ಕೂಡಿಕೊಂಡವು. ಕಿರಣ ಅಲ್ಲಿಯೇ ಅಳುತ್ತಾ ಒಪ್ಪಿಕೊಂಡ. ಮಗನ ಜೊತೆ ಅಪ್ಪನ ಮೇಲೂ ಕೇಸಾಯಿತು. ಅಪ್ಪನಿಗೆ ಜಾಮೀನು ಸಿಕ್ಕಿತು, ಮಗನಿಗೆ ಸಿಗಲಿಲ್ಲ.

ಕೋರ್ಟಿನ ಕಾಗದ ಬಂದು ಇಮಾಮ್‌ಸಾಬರನ್ನು ಬಿಟ್ಟ ದಿನ ನಾನು, ಅತ್ತೆ ಇಬ್ಬರೂ ಅವರ ಮನೆಗೆ ಹೋದೆವು. ಅವರು ಗಡ್ಡ ಬೆಳೆದು ಸೊರಗಿದ್ದರು. ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಾ, "ಮರಿಸ್ವಾಮಿ ಸಾರ್ ದಾರೀಲಿ ನನ್ನ ಕೈ ಹಿಡ್ಕೊಂಡಿದ್ರು," ಎಂದು ಅದೊಂದನ್ನೇ ಮತ್ತೆ ಮತ್ತೆ ಹೇಳಿದರು. ಹಸೀನಾ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ಯಾಕೆ ನನ್ನ ಭುಜ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಬಳೆಬುಟ್ಟಿಯಿಂದ ಅತ್ತೆ ಎರಡು ಕೈಗೂ ಬಳೆ ತೊಡಿಸಿಕೊಂಡರು. ಮಾವ ತೀರಿಕೊಂಡ ಮೇಲೆ ಅವರು ಬಳೆ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಈಗ ಶನಿವಾರ ಶನಿವಾರ ಆ ಕೋಣೆ ತೆರೆದಿರುತ್ತದೆ. ಪಲಾವಿಲ್ಲ, ಹಾಡು ಮಾತ್ರ ಇದೆ. ಊರಿನವರೆಲ್ಲ ಹೋಗುತ್ತೇವೆ, ಹೇಳುವುದಿದ್ದರೂ ಹೋಗುತ್ತೇವೆ, ಇಲ್ಲದಿದ್ದರೂ ಹೋಗುತ್ತೇವೆ. ಹೇಳುವುದೇನೂ ಇಲ್ಲದವರು ಊರಿನ ಯಾರನ್ನಾದರೂ ನಾಲ್ಕು ಮಾತು ಹೊಗಳಿ ಬರಬೇಕೆಂದು ಜಯಶೀಲಾ ಹೇಳಿದ್ದಾರೆ. ಹಾಗಾಗಿ ಶನಿವಾರ ಬೆಳಿಗ್ಗೆ ಊರಿನಲ್ಲಿ ಬಿಕ್ಕಳಿಸದವರೇ ಇಲ್ಲ. ಮೊದಲ ಶನಿವಾರ ಅವರು ಮೈಕಿನಲ್ಲಿ, "ಆ ಜೀಪಿನ ಬಗ್ಗೆ ಒಬ್ಬರಲ್ಲ, ಬಹಳ ಜನ ಹೇಳಿದ್ರು. ಯಾರ್ಯಾರು ಅಂತ ನಂಗೆ ನೆನಪಿಲ್ಲ," ಎಂದರು. ನಾನು ಬೆರಗಾದೆ. ನೋಡಿದವರು ನಾನು, ಅತ್ತೆ ಇಬ್ಬರೇ ಎಂದುಕೊಂಡಿದ್ದೆ. ಗಾಜು ಮಾರಿದವರು, ಬಣ್ಣ ಕೊಟ್ಟವರು, ರಸ್ತೆಯ ತಿರುವಿನಲ್ಲಿ ಹಸು ಹುಡುಕುತ್ತಿದ್ದವರು, ಎಲ್ಲರೂ ನನ್ನ ಹಾಗೆಯೇ ಬಾಯಿ ಕಟ್ಟಿಕೊಂಡು ಕೂತಿದ್ದರೇನೋ.

ಆದರೂ ನನ್ನ ಭಯ ಪೂರ್ತಿ ಹೋಗಿರಲಿಲ್ಲ. ಹಿತ್ತಲಿನ ಕಿಟಕಿ ನಮ್ಮದೊಂದೇ ಎಂದು ಮಿಲ್ಲಿನವರಿಗೆ ಹೊಳೆಯದೆ ಇರುತ್ತದೆಯೇ? ಹಾಗೆ ದಿನ ಕಳೆಯುತ್ತಿರುವಾಗ ಒಂದು ಮಧ್ಯಾಹ್ನ ತಿಪ್ಪೇಶಿ ಮಹಡಿಯ ಮೆಟ್ಟಿಲು ಹತ್ತಿ ಬಂದ. ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಅವನ ಕಂಕುಳಲ್ಲಿ ಒಂದು ಪೊಟ್ಟಣ ಇತ್ತು. ಬಿಚ್ಚಿದರೆ ಹೊಸ ಸೀರೆ.

"ಹೆಂಡ್ತೀದು," ಎಂದ. "ಫಾಲ್ ಹಚ್ಚಬೇಕಿತ್ತು ಅಕ್ಕ."

"ಹಚ್ಚೋಣ. ಇಟ್ಟು ಹೋಗು."

ಅವನು ಹೋಗಲಿಲ್ಲ. ಹಿಂದಿನ ಕಿಟಕಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಕೆಳಗೆ ಅತ್ತೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

"ಯಜಮಾನ್ರು ಇನ್ನೂ ಹುಡುಕ್ತಾನೇ ಇದ್ದಾರೆ," ಎಂದ. "ದಿನಾ ಬೆಳಿಗ್ಗೆ ಬಿಕ್ಕಳಿಕೆ ಶುರುವಾಗುತ್ತೆ, ದಿನಾ ನಾನು ಹೆಸರು ಹೇಳಿಕೊಡ್ತೀನಿ. ಈ ಬೀದಿ, ಆ ಬೀದಿ, ಮೇಲಿನ ಕೇರಿ, ಎಲ್ಲ. ನಿಮ್ಮದು, ಅಜ್ಜೀದು ಎಲ್ಲ ಹೇಳ್ತೀನಿ. ಯಾರ ಹೆಸರಿಗೂ ನಿಲ್ಲಲ್ಲ."

"ಊರಿನವರೆಲ್ಲರದ್ದೂ ಹೇಳ್ತೀಯಾ?" ಎಂದು ಕೇಳಿದೆ.

"ಎಲ್ಲರದ್ದೂ ಹೇಳ್ತೀನಿ. ಒಂದು ಬಿಟ್ಟು."

"ಯಾರದ್ದು?"

"ನಂದು." ತಿಪ್ಪೇಶಿ ತಲೆ ತಗ್ಗಿಸಿದ. "ಲೋಕೇಶಿ ಅಂಗಡಿ ಸುಟ್ಟ ಮೇಲೆ ನಂಗೆ ನಿದ್ದೆ ಬರ್ತಿರ್ಲಿಲ್ಲ ಅಕ್ಕ. ಆ ಹೆಸರು ಹೇಳಿಕೊಟ್ಟೋನು ನಾನೇ ತಾನೇ. ಸನ್ಮಾನದ ದಿನ ಮೇಡಂ ನನ್ನನ್ನೂ ಒಳಗೆ ಕರೆದ್ರಲ್ಲ, ಅಲ್ಲಿ ಎಲ್ಲ ಹೇಳಿಬಿಟ್ಟೆ. ಈಗ ದಿನಾ ಮನೆ ಬಿಡೋ ಮುಂಚೆ ಹೆಂಡ್ತಿ ಹತ್ರ ಅವ್ರ ಬಗ್ಗೆ ಒಂದು ಮಾತು ಆಡಿ ಬರ್ತೀನಿ. ನನ್ನ ಹೆಸರು ಅವ್ರ ಬಾಯಿಗೆ ಬರೋವರೆಗೂ ಬೇರೆ ಯಾರ ಹೆಸರಿಗೂ ಅದು ನಿಲ್ಲಲ್ಲ. ಪಕ್ಕದಲ್ಲೇ ನಿಂತಿರೋನ ಹೆಸರು ಅವ್ರಿಗೆ ನೆನಪಾಗಲ್ಲ."

ಕೆಳಗೆ ಅತ್ತೆ ಮತ್ತೆ ಪಾತ್ರೆ ತೊಳೆಯಲು ಶುರು ಮಾಡಿದರು. ನಾನು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಂಚಿನ ಬಣ್ಣಕ್ಕೆ ಹೊಂದುವ ಫಾಲ್ ಹುಡುಕತೊಡಗಿದೆ. ಕಡುಗೆಂಪು ಬಣ್ಣ, ಬೇಗ ಸಿಗುವಂಥದ್ದಲ್ಲ. ಕೂತುಕೋ ಎಂದು ಅವನಿಗೆ ಸ್ಟೂಲು ತೋರಿಸಿ, ಕೆಳಗೆ ಕೇಳುವ ಹಾಗೆ ಕೂಗಿ ಅತ್ತೆಗೆ ಎರಡು ಲೋಟ ಚಹಾ ಮಾಡಲು ಹೇಳಿದೆ.